ಮುಖ್ಯ ಶಿಕ್ಷಕರು, ಸಹಶಿಕ್ಷಕರು ಮತ್ತು ಶಾಲೆಯ ಮೇಲಿನ ಅಕ್ಕರೆ

ಶಿಕ್ಷಕರೊಬ್ಬರು ಒಂದೇ ಶಾಲೆಯಲ್ಲಿ ಹತ್ತಾರು ವರ್ಷ ಇದ್ದ ಮಾತ್ರಕ್ಕೆ ಅವರಿಗೆ ಆ ಶಾಲೆಯ ಬಗ್ಗೆ ಬದ್ಧತೆ ಇದೆ ಎನ್ನಲಾಗದು. ಕೆನಡಾದ ಮನಶ್ಶಾಸ್ತ್ರಜ್ಞರಾದ ಜಾನ್ ಮೇಯರ್ ಮತ್ತು ನಟಾಲಿ ಅಲೆನ್ 1991ರಲ್ಲಿ ನೌಕರರ ಬದ್ಧತೆಯನ್ನು ಮೂರು ಬಗೆಯಾಗಿ ಬಿಡಿಸಿ ತೋರಿಸಿದರು. ಕೆಲಸದ ಜಾಗದ ಮೇಲಿನ ಪ್ರೀತಿಯಿಂದ ಉಳಿಯುವವರಿದ್ದಾರೆ, ಬಿಟ್ಟರೆ ನಷ್ಟವಾದೀತೆಂಬ ಲೆಕ್ಕಾಚಾರದಿಂದ ಉಳಿಯುವವರಿದ್ದಾರೆ, ಬಿಟ್ಟುಹೋಗುವುದು ಸರಿಯಲ್ಲವೆಂಬ ಋಣಭಾವದಿಂದ ಉಳಿಯುವವರೂ ಇದ್ದಾರೆ. ಸರ್ಕಾರಿ ಶಾಲೆಯಲ್ಲಿ ಎರಡನೆಯದಕ್ಕೆ ಕೊರತೆಯಿಲ್ಲ. ಸಂಬಳ, ಸೇವಾ ಹಿರಿತನ, ಮನೆಗೆ ಹತ್ತಿರದ ಊರು ಇವೆಲ್ಲ ಶಿಕ್ಷಕರನ್ನು ಹಿಡಿದಿಡುತ್ತವೆ. ಆದರೆ ಕೊನೆಯ ಗಂಟೆ ಹೊಡೆದ ಮೇಲೂ, ಒತ್ತಕ್ಷರ ಬಂದಲ್ಲೆಲ್ಲ ತಡವರಿಸುವ ಮಗುವಿನ ಪಕ್ಕದಲ್ಲಿ ಅವರನ್ನು ಕೂರಿಸುವುದು ಮೊದಲನೆಯದು. ಅದು ಬಹುಪಾಲು ಹುಟ್ಟುವುದು ಮುಖ್ಯ ಶಿಕ್ಷಕರು ಮತ್ತು ಸಹಶಿಕ್ಷಕರ ನಡುವಿನ ನಂಟಿನಲ್ಲಿ.

ನಾಯಕತ್ವದ ಬಗ್ಗೆ ಬರೆದವರು ಲೆಕ್ಕವಿಲ್ಲದಷ್ಟು ಮಂದಿ. ಅಮೆರಿಕದ ಜೇಮ್ಸ್ ಮೆಗ್ರೆಗರ್ ಬರ್ನ್ಸ್ 1978ರಲ್ಲಿ ಮಾಡಿದ ವಿಂಗಡಣೆ ಈಗಲೂ ಬಳಕೆಯಲ್ಲಿದೆ. ಕೆಲಸಕ್ಕೆ ಪ್ರತಿಫಲ, ತಪ್ಪಿಗೆ ನೋಟಿಸು ಎಂಬ ಕೊಡುಕೊಳ್ಳುವ ನಾಯಕತ್ವ ಒಂದು ಕಡೆ. ಜೊತೆಯವರ ಗುರಿಯನ್ನೇ ಎತ್ತರಕ್ಕೇರಿಸುವ ನಾಯಕತ್ವ ಇನ್ನೊಂದು ಕಡೆ. ಶಾಲೆಗೆ ಎರಡೂ ಬೇಕು. ಸಿಎಲ್ ರಜೆ ಮಂಜೂರು ಮಾಡುವುದರಲ್ಲಿ, ವೇಳಾಪಟ್ಟಿ ಹಂಚುವುದರಲ್ಲಿ ಪಕ್ಷಪಾತ ಮಾಡುವ ಮುಖ್ಯ ಶಿಕ್ಷಕರು ಆದರ್ಶದ ಮಾತಾಡಿದರೆ ಸ್ಟಾಫ್ ರೂಮಿನಲ್ಲಿ ಯಾರೂ ಕಿವಿಗೊಡುವುದಿಲ್ಲ.

ಹಿಂಬಾಲಿಸುವವರ ಕಡೆಗೆ ಕಣ್ಣು ಹಾಯಿಸಿದವರು ಕಡಿಮೆ. 1988ರಲ್ಲಿ ನಿರ್ವಹಣಾ ತಜ್ಞ ರಾಬರ್ಟ್ ಕೆಲ್ಲಿ ಎರಡು ಪ್ರಶ್ನೆ ಮುಂದಿಟ್ಟರು: ಅನುಯಾಯಿ ಸ್ವಂತ ಬುದ್ಧಿಯಿಂದ ಯೋಚಿಸುತ್ತಾನೆಯೇ? ಕೆಲಸದಲ್ಲಿ ಮನಸ್ಸಿಟ್ಟು ತೊಡಗುತ್ತಾನೆಯೇ? ಎರಡೂ ಇಲ್ಲದವರು ಹೇಳಿದಷ್ಟು ಮಾಡಿ ಸುಮ್ಮನಿರುತ್ತಾರೆ. ತೊಡಗುವಿಕೆಯಿದ್ದು ಯೋಚನೆಯಿಲ್ಲದವರು ಎಲ್ಲದಕ್ಕೂ ‘ಹೌದು ಸರ್’ ಎನ್ನುತ್ತಾರೆ. ಶಾಲೆಗೆ ದುಬಾರಿಯಾಗುವುದು ಯೋಚಿಸಬಲ್ಲ, ಆದರೆ ದೂರ ಸರಿದು ನಿಂತ ಶಿಕ್ಷಕರು. ಇವರಲ್ಲಿ ಹಲವರು ಒಂದು ಕಾಲಕ್ಕೆ ಹುರುಪಿನಿಂದ ಸಲಹೆ ಕೊಟ್ಟವರೇ. ಸಲಹೆಗಳು ಕಡತ ಸೇರಿದ ಮೇಲೆ ಬಾಯಿ ಮುಚ್ಚಿಕೊಂಡವರು. ಎರಡು ಗುಣವೂ ಇದ್ದು, ಬೇಕಾದಾಗ ಮುಖ್ಯ ಶಿಕ್ಷಕರಿಗೇ ‘ಇದು ಸರಿಯಲ್ಲ’ ಎನ್ನಬಲ್ಲವರು ಶಾಲೆಯನ್ನು ತಮ್ಮದೆಂದುಕೊಳ್ಳುತ್ತಾರೆ.

ಈ ನಂಟಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಷಿಕಾಗೋ ನಗರದ ಶಾಲೆಗಳ ಅಧ್ಯಯನ ತೋರಿಸಿತು. ಆಂಟನಿ ಬ್ರಿಕ್ ಮತ್ತು ಬಾರ್ಬರಾ ಷ್ನೈಡರ್ 1990ರ ದಶಕದುದ್ದಕ್ಕೂ ನಡೆಸಿದ ಈ ಅಧ್ಯಯನ 2002ರಲ್ಲಿ ಪುಸ್ತಕವಾಯಿತು. ಪರಸ್ಪರ ಗೌರವ, ಕೆಲಸ ಬಲ್ಲವರೆಂಬ ಭರವಸೆ, ಕಾಳಜಿ, ನುಡಿದಂತೆ ನಡೆಯುವುದು ಇವು ನಾಲ್ಕೂ ಕೂಡಿ ಶಾಲೆಯಲ್ಲಿ ವಿಶ್ವಾಸ ಬೆಳೆಯುತ್ತದೆ ಎಂದರು ಅವರು. ವಿಶ್ವಾಸ ಗಟ್ಟಿಯಾಗಿದ್ದ ಶಾಲೆಗಳಲ್ಲಿ ಎರಡಕ್ಕೊಂದು ಕಲಿಕೆಯಲ್ಲಿ ಸುಧಾರಿಸುವ ಸಾಧ್ಯತೆ ಕಂಡಿತು. ತೀರಾ ಕಡಿಮೆಯಿದ್ದಲ್ಲಿ ಏಳಕ್ಕೊಂದು ಮಾತ್ರ.

ಕರ್ನಾಟಕದಲ್ಲಿ ಇಂಥ ವಿಶ್ವಾಸಕ್ಕೆ ನಲಿ-ಕಲಿ ಎಂಬ ಬೋಧನಾ ಪದ್ಧತಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರ ತಂಡವೊಂದು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಬಹುವರ್ಗ ಬೋಧನೆಯನ್ನು ನೋಡಿ ಬಂತು. ಊರಿಗೆ ಮರಳಿದ ಶಿಕ್ಷಕರು ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಕಲಿಕಾ ಏಣಿ ಕಟ್ಟಿ, ಕಾರ್ಡುಗಳನ್ನು ತಾವೇ ತಯಾರಿಸಿದರು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತರು. ಗೋಡೆಯ ಕಪ್ಪುಹಲಗೆ ಮಕ್ಕಳ ಕೈಗೆಟುಕುವಷ್ಟು ಕೆಳಗಿಳಿಯಿತು. ಅಧಿಕಾರಿಗಳು ಹೊಸದನ್ನು ಮಾಡಿ ನೋಡಲು ಎಡೆಗೊಟ್ಟರು. ಶಿಕ್ಷಕರು ತಪ್ಪಾದದ್ದನ್ನು ತಿದ್ದುತ್ತ ಹೋದರು. ಅಲ್ಲಿ ನಾಯಕರು ಯಾರು, ಅನುಯಾಯಿಗಳು ಯಾರು ಎಂದು ಗೆರೆ ಎಳೆಯುವುದು ಕಷ್ಟ.

2009-10ರಲ್ಲಿ ಅದೇ ಪದ್ಧತಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಮೊದಲೆರಡು ತರಗತಿಗಳಿಗೆ ಕಡ್ಡಾಯವಾಯಿತು. ಅಚ್ಚಾದ ಕಾರ್ಡುಗಳ ಕಟ್ಟು, ತರಬೇತಿ, ಸುತ್ತೋಲೆ ಎಲ್ಲವೂ ಬಂದವು. ಆದರೆ ತಮ್ಮ ಕೈಯಿಂದ ಕಟ್ಟಿದ ಪದ್ಧತಿಯ ಮೇಲೆ ಇರುವ ಮಮಕಾರ ಆದೇಶದ ಮೂಲಕ ಬಂದದ್ದರ ಮೇಲೆ ಇರುವುದಿಲ್ಲ. ಏಣಿಯ ಯಾವ ಮೆಟ್ಟಿಲು ತಮ್ಮ ಊರಿನ ಮಕ್ಕಳಿಗೆ ಹೊಂದುವುದಿಲ್ಲ ಎಂದು ಗೊತ್ತಿದ್ದೂ ಬದಲಿಸುವ ಸ್ವಾತಂತ್ರ್ಯವಿಲ್ಲದಿದ್ದರೆ, ಉತ್ಸಾಹಿ ಶಿಕ್ಷಕರೂ ದಾಖಲೆ ತುಂಬಿಸಿ ಸುಮ್ಮನಾಗುತ್ತಾರೆ.

ಇದರ ಹೊಣೆಯನ್ನೆಲ್ಲ ಮುಖ್ಯ ಶಿಕ್ಷಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರು ಕೂಡ ಸಿಆರ್‌ಪಿ, ಬಿಇಒ, ಡಿಡಿಪಿಐ ಎಂಬ ಶಿಕ್ಷಣ ಇಲಾಖೆಯ ಅಧಿಕಾರಿಗಳ ಸಾಲಿನಲ್ಲಿ ಕೆಳಗೆ ನಿಂತ ಅನುಯಾಯಿಗಳೇ. ಬಿಸಿಯೂಟದ ಲೆಕ್ಕ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ, ಆನ್‌ಲೈನ್ ಮಾಹಿತಿ ತುಂಬಿಸುವುದರಲ್ಲೇ ದಿನ ಮುಗಿಯುತ್ತದೆ. ಸಣ್ಣ ಶಾಲೆಗಳಲ್ಲಿ ಪಾಠವನ್ನೂ ಅವರೇ ಮಾಡಬೇಕು. ಮೇಲಿನಿಂದ ಬಂದದ್ದನ್ನೆಲ್ಲ ಹಾಗೇ ಕೆಳಗೆ ದಾಟಿಸುವುದೋ, ಒಂದಿಷ್ಟು ಒತ್ತಡವನ್ನು ತಾವೇ ತಡೆದು ಶಿಕ್ಷಕರಿಗೆ ಬೋಧನೆಯ ಸಮಯ ಉಳಿಸುವುದೋ ಎಂಬುದರಲ್ಲಿ ಅವರ ನಾಯಕತ್ವ ತಿಳಿಯುತ್ತದೆ.

ಶಾಲಾ ನಾಯಕತ್ವದ ತರಬೇತಿಗೆಂದೇ ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರವೂ ಧಾರವಾಡದಲ್ಲಿ ರಾಜ್ಯ ಸಂಸ್ಥೆಯೂ ಇವೆ. ಮುಖ್ಯ ಶಿಕ್ಷಕರನ್ನು ಮಾತ್ರ ಕರೆಸಿ ನಾಯಕತ್ವ ಕಲಿಸಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಸಹಶಿಕ್ಷಕರನ್ನೂ ಜೊತೆಗೆ ಕೂರಿಸಿಕೊಂಡು ಶಾಲೆಯ ತೀರ್ಮಾನಗಳನ್ನು ಚರ್ಚಿಸುವ ಕ್ರಮ ಇನ್ನಾದರೂ ಬರಬೇಕು.