ಅಲ್ಲಿ ಹಿಮ, ಇಲ್ಲಿ ಬಿಸಿಲು: ನೀರಿನ ಪೈಪು ಹೇಳುವ ಪಾಠ

ಚಳಿಗೆ ನೀರಿನ ಪೈಪು ಒಡೆದುಹೋಗುತ್ತದೆ ಎಂದರೆ ಸೇಡಂ, ಚಿತ್ತಾಪುರದ ಕಡೆಯ ಮಕ್ಕಳು ನಂಬುವುದು ಕಷ್ಟ. ಡಿಸೆಂಬರ್, ಜನವರಿಯ ಇರುಳಿನಲ್ಲಿ ಇಲ್ಲಿಯೂ ಕಂಬಳಿ ಬೇಕಾಗುತ್ತದೆ, ನಿಜ. ಆದರೆ ನಳದ ನೀರು ಹೆಪ್ಪುಗಟ್ಟುವಷ್ಟು ಚಳಿ ಕಲಬುರಗಿ ಜಿಲ್ಲೆಗೆ ಬರುವುದಿಲ್ಲ. ಇಲ್ಲಿಯ ಜನ ಬಲ್ಲ ಕಾಟವೇ ಬೇರೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟಿದಾಗ ನಳ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ. ಮಾಳಿಗೆಯ ಮೇಲೆ ನೆಟ್ಟಗೆ ಹಾಕಿಸಿದ್ದ ಪೈಪು ಹಾವಿನಂತೆ ಡೊಂಕಾಗಿರುತ್ತದೆ. ಎಲ್ಲೋ ಒಂದು ಜೋಡಣೆ ಬಿಟ್ಟುಕೊಂಡು ಗೋಡೆ ತೊಯ್ದಿರುತ್ತದೆ.

ಹಿಮದ ನಾಡಿನಲ್ಲಿ ಒಡೆಯುವ ಪೈಪಿಗೂ ಬಿಸಿಲ ನಾಡಿನಲ್ಲಿ ಡೊಂಕಾಗುವ ಪೈಪಿಗೂ ಏನು ಸಂಬಂಧ? ಎರಡೂ ಕಡೆ ನಡೆಯುವುದು ಒಂದೇ ಸಂಗತಿ. ಹಿಗ್ಗುವ ವಸ್ತುವಿಗೆ ಹಿಗ್ಗಲು ಜಾಗವಿಲ್ಲದಿದ್ದರೆ ಅದು ತಾನು ಒಡೆಯುತ್ತದೆ, ಇಲ್ಲವೆ ತನ್ನನ್ನು ಹಿಡಿದಿರುವುದನ್ನು ಒಡೆಯುತ್ತದೆ. ಇಷ್ಟನ್ನು ತಿಳಿದುಕೊಂಡರೆ ಮನೆಯ ನೀರೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಮುಖ್ಯವಾಗಿ ಮಕ್ಕಳ ಆರೋಗ್ಯ ಉಳಿಯುತ್ತದೆ.

ನೀರಿನ ವಿಚಿತ್ರ ಗುಣ

ಹೆಚ್ಚಿನ ವಸ್ತುಗಳು ತಣ್ಣಗಾದಂತೆ ಕುಗ್ಗುತ್ತವೆ. ನೀರೂ 4 ಡಿಗ್ರಿಯವರೆಗೆ ಹಾಗೆಯೇ ಕುಗ್ಗುತ್ತದೆ. ಅಲ್ಲಿಂದ ಕೆಳಗೆ ಅದರ ನಡವಳಿಕೆ ತಿರುವುಮುರುವಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುವಾಗ ನೀರಿನ ಗಾತ್ರ ಸುಮಾರು ಶೇಕಡ 9ರಷ್ಟು ಹೆಚ್ಚುತ್ತದೆ. ಮಂಜುಗಡ್ಡೆ ನೀರಿನ ಮೇಲೆ ತೇಲುವುದಕ್ಕೆ ಇದೇ ಕಾರಣ.

ಒಂದಿಷ್ಟೂ ಅಲುಗದ ಗಟ್ಟಿ ಪಾತ್ರೆಯೊಳಗೆ ನೀರನ್ನು ಮುಚ್ಚಿಟ್ಟು ಮೈನಸ್ 22 ಡಿಗ್ರಿಯವರೆಗೆ ತಂಪು ಮಾಡಿದರೆ ಒಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 2,000 ಪಟ್ಟು ಆಗಬಲ್ಲದು. ಅದರ ಮುಂದೆ ಮನೆಯ ಕಬ್ಬಿಣದ ಪೈಪು ಏನು ಮಹಾ?

ಇಲ್ಲೊಂದು ಸ್ವಾರಸ್ಯವಿದೆ. ಮಂಜು ಕಟ್ಟಿದ ಜಾಗದಲ್ಲಿಯೇ ಪೈಪು ಒಡೆಯಬೇಕೆಂದಿಲ್ಲ. ಪೈಪಿನ ನಡುವೆ ಮಂಜಿನ ಬಿರಡೆಯೊಂದು ಬೆಳೆಯುತ್ತ ಹೋಗಿ ಮುಂದಿನ ನೀರನ್ನು ಮುಚ್ಚಿದ ನಳದ ಕಡೆಗೆ ಒತ್ತುತ್ತದೆ. ಬಿರಡೆಗೂ ನಳಕ್ಕೂ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿಯಿಲ್ಲದೆ ಅಲ್ಲಿ ಒತ್ತಡ ಏರಿ ಪೈಪು ಸೀಳುತ್ತದೆ. ಚಳಿ ನಾಡಿನವರು ಹಿಮ ಬೀಳುವ ರಾತ್ರಿ ನಳವನ್ನು ಪೂರ್ತಿ ಮುಚ್ಚದೆ ಸಣ್ಣಗೆ ನೀರು ಬೀಳಲು ಬಿಡುವುದು ಇದಕ್ಕಾಗಿಯೇ.

ಬಗ್ಗುವ ಪೈಪಿನ ಉಪಾಯ

ಕಬ್ಬಿಣ, ತಾಮ್ರದ ಪೈಪುಗಳಿಗಿಂತ ಪಾಲಿಥಿನ್ ಜಾತಿಯ ಬಗ್ಗುವ ಪೈಪುಗಳು ಹಿಮವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಇವುಗಳಲ್ಲಿ ಒಂದು ಹೊಲಮನೆಗಳಲ್ಲೆಲ್ಲ ಕಾಣುವ ಕಪ್ಪು ಸುರುಳಿ ಪೈಪು, ಅಂದರೆ ಎಚ್‌ಡಿಪಿಇ. ಇನ್ನೊಂದು ಪೆಕ್ಸ್. ಪಾಲಿಥಿನ್ ಎಂದರೆ ದಾರದೆಳೆಗಳಂಥ ಉದ್ದುದ್ದನೆಯ ಅಣುಸರಪಳಿಗಳ ರಾಶಿ. ಪೆಕ್ಸ್‌ನಲ್ಲಿ ಈ ಎಳೆಗಳ ನಡುವೆ ಅಡ್ಡಕೊಂಡಿ ಹಾಕಿರುತ್ತಾರೆ. ಹೀಗಾಗಿ ಒಳಗೆ ಮಂಜು ಕಟ್ಟಿದಾಗ ಅದು ಉಬ್ಬಿಕೊಳ್ಳುತ್ತದೆ, ಕರಗಿದ ಮೇಲೆ ಹೆಚ್ಚುಕಡಿಮೆ ಮೊದಲಿನ ಆಕಾರಕ್ಕೆ ಮರಳುತ್ತದೆ.

ಹಾಗೆಂದು ಅದಕ್ಕೆ ಸೋಲೇ ಇಲ್ಲವೆಂದು ತಿಳಿಯಬಾರದು. ಪೈಪು ಬಗ್ಗಬಹುದು, ಅದನ್ನು ಜೋಡಿಸಿದ ಹಿತ್ತಾಳೆಯ ಬಿಡಿಭಾಗ ಬಗ್ಗುವುದಿಲ್ಲ. ಮತ್ತೆ ಮತ್ತೆ ಉಬ್ಬಿ ಇಳಿದ ಪೈಪು ಕ್ರಮೇಣ ಸೋಲುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಬಳಸುವ ಗಡುಸು ಪಿವಿಸಿ ಪೈಪಂತೂ ಚಳಿಯಲ್ಲಿ ಪೆಡಸಾಗಿ ಒಂದು ಪೆಟ್ಟಿಗೇ ಸೀಳಬಲ್ಲದು.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಟೆಕ್ಸಾಸ್. ಅನೇಕ ಕನ್ನಡ ಕುಟುಂಬಗಳು ನೆಲೆಸಿರುವ ಈ ರಾಜ್ಯ ಕಲಬುರಗಿಯ ಹಾಗೆಯೇ ಬಿಸಿಲಿಗೆ ಹೆಸರಾದದ್ದು. 2021ರ ಫೆಬ್ರುವರಿಯಲ್ಲಿ ಅಲ್ಲಿಯ ಡಲ್ಲಾಸ್ ಪ್ರದೇಶದಲ್ಲಿ ಉಷ್ಣಾಂಶ ಮೈನಸ್ 18 ಡಿಗ್ರಿಗೂ ಕೆಳಗಿಳಿಯಿತು. ವಿದ್ಯುತ್ ನಿಂತು ಮನೆಗಳು ತಣ್ಣಗಾದವು. ಬಿಸಿಲನ್ನೇ ಗಮನದಲ್ಲಿಟ್ಟು ಕಟ್ಟಿದ ಮನೆಗಳ ಅಟ್ಟದಲ್ಲಿ, ಹೊರಗೋಡೆಗಳಲ್ಲಿ ಹಾಯ್ದಿದ್ದ ಪೈಪುಗಳು ಒಡೆದು ಎಷ್ಟೋ ಮನೆಗಳ ಸೂರಿನಿಂದ ನೀರು ಸುರಿಯಿತು. ನಮ್ಮದೇ ಲಡಾಖಿನಲ್ಲಿ ಹೀಗಾಗದಿರಲೆಂದು ಮಂಜುಗಟ್ಟುವ ಆಳಕ್ಕಿಂತ ಕೆಳಗೆ ಪೈಪು ಹೂಳುತ್ತಾರೆ. ಯಾವ ಊರಿಗೆ ಯಾವ ಹವೆ ಎಂಬುದನ್ನು ಮೊದಲೇ ಯೋಚಿಸದಿದ್ದರೆ ಒಳ್ಳೆಯ ಪೈಪೂ ಕೈಕೊಡುತ್ತದೆ.

ಬಿಸಿಲಿನ ಲೆಕ್ಕ

ಈಗ ನಮ್ಮ ಊರಿಗೆ ಬರೋಣ. ವಾಡಿ ಜಂಕ್ಷನ್ನಿನ ಮಕ್ಕಳಿಗೆ ರೈಲು ಹಳಿ ಹೊಸದಲ್ಲ. ಬೇಸಿಗೆಯಲ್ಲಿ ಹಳಿ ಹಿಗ್ಗುತ್ತದೆ ಎಂದು ಹಿಂದೆ ಹಳಿಗಳ ನಡುವೆ ಸಂದು ಬಿಡುತ್ತಿದ್ದ ವಿಷಯವನ್ನು ಪಾಠದಲ್ಲಿ ಓದಿರುತ್ತಾರೆ. ಪ್ಲಾಸ್ಟಿಕ್ ಪೈಪು ಆ ಉಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು ಹಿಗ್ಗುತ್ತದೆ.

ಹತ್ತು ಮೀಟರ್ ಉದ್ದದ ಪೈಪು ಮುಂಜಾವಿನಿಂದ ಮಧ್ಯಾಹ್ನದೊಳಗೆ 30 ಡಿಗ್ರಿ ಹೆಚ್ಚು ಕಾಯಿತೆನ್ನಿ. ಜಿ.ಐ. ಪೈಪು ಆದರೆ ಮೂರೂವರೆ ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಪಿವಿಸಿ ಸುಮಾರು 2 ಸೆಂಟಿಮೀಟರ್. ಕಪ್ಪು ಎಚ್‌ಡಿಪಿಇ 5 ಸೆಂಟಿಮೀಟರಿನಷ್ಟು! ಎರಡೂ ತುದಿಯನ್ನು ಗೋಡೆಗೆ ಬಿಗಿದಿದ್ದರೆ ಈ ಹೆಚ್ಚಿನ ಉದ್ದ ಎಲ್ಲಿಗೆ ಹೋಗಬೇಕು? ಪೈಪು ಡೊಂಕಾಗುತ್ತದೆ. ರಾತ್ರಿ ಮತ್ತೆ ಕುಗ್ಗುವಾಗ ಜೋಡಣೆಯನ್ನು ಜಗ್ಗುತ್ತದೆ. ಬೇಸಿಗೆಯುದ್ದಕ್ಕೂ ದಿನವೂ ಹೀಗೆ ನೂಕಿ, ಜಗ್ಗಿ ಒಂದು ದಿನ ಜೋಡಣೆ ಬಿಟ್ಟುಕೊಳ್ಳುತ್ತದೆ.

ಎರಡನೆಯ ಸಂಗತಿ, ಕಾಯ್ದ ಪೈಪಿನ ಶಕ್ತಿ ಕುಂದುವುದು. 20 ಡಿಗ್ರಿಯಲ್ಲಿ 10 ಕೆ.ಜಿ. ಒತ್ತಡ ತಾಳಬಲ್ಲ ಪಾಲಿಥಿನ್ ಪೈಪನ್ನು 40 ಡಿಗ್ರಿಯಲ್ಲಿ ಸುಮಾರು ಏಳೂವರೆ ಕೆ.ಜಿ.ಗೆ ಮಾತ್ರ ನಂಬಬೇಕು. ಕುಡಿಯುವ ನೀರಿನ ಪಿವಿಸಿ ಪೈಪಿನ ಮೇಲೆ ಬರೆದಿರುವ ಒತ್ತಡದ ಅಂಕಿ 27 ಡಿಗ್ರಿ ಉಷ್ಣಾಂಶಕ್ಕೆ ಹೇಳಿದ್ದು. ಮೇ ತಿಂಗಳ ಬಿಸಿಲಿಗೆ ಮೈಯೊಡ್ಡಿದ ಪೈಪು 60 ಡಿಗ್ರಿ ದಾಟಬಹುದು. ಅಂದರೆ ಕಂಪನಿಯ ಅಂಕಿ ಸುಳ್ಳಲ್ಲ, ಅದು ನೆರಳಿನಲ್ಲಿರುವ ಪೈಪಿನ ಅಂಕಿ.

ಮೂರನೆಯದು ಬಿಸಿಲಿನಲ್ಲಿರುವ ಅತಿನೇರಳೆ ಕಿರಣ. ಅದು ಪ್ಲಾಸ್ಟಿಕ್ಕಿನ ಅಣುಸರಪಳಿಗಳನ್ನು ಕಡಿದು ಪೈಪನ್ನು ಪೆಡಸು ಮಾಡುತ್ತದೆ. ಎಚ್‌ಡಿಪಿಇ ಪೈಪು ಕಪ್ಪಗಿರುವುದು ಅಂದಕ್ಕಲ್ಲ. ಅದರಲ್ಲಿ ಬೆರೆಸಿರುವ ಶೇಕಡ ಎರಡು, ಎರಡೂವರೆಯಷ್ಟು ಇಂಗಾಲದ ಪುಡಿ ಈ ಕಿರಣಗಳನ್ನು ತಡೆಯುತ್ತದೆ. ಹಿಮಕ್ಕೆ ಅಂಜದ ಪೆಕ್ಸ್ ಈ ಬಿಸಿಲಿಗೆ ಅಂಜುತ್ತದೆ. ಅದನ್ನು ಗೋಡೆಯೊಳಗೆ ಬಳಸಬಹುದೇ ಹೊರತು ಮಾಳಿಗೆಯ ಮೇಲೆ ತೆರೆದಿಡಬಾರದು.

ಎರೆಮಣ್ಣು ಮತ್ತು ಫರಸಿ

ಈ ಭಾಗದಲ್ಲಿ ಹಿಮದ ಕೆಲಸವನ್ನು ಮಾಡುವ ಇನ್ನೊಂದು ವಸ್ತುವಿದೆ, ಅದೇ ಎರೆಮಣ್ಣು. ತೊಗರಿ ಬೆಳೆಯುವ ಸೇಡಂ, ಚಿತ್ತಾಪುರದ ಕರಿಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಮೇಲೆಮೇಲೆ ಹೂಳಿದ ಗಡುಸು ಪೈಪು ಈ ಎಳೆದಾಟದಲ್ಲಿ ಜೋಡಣೆ ಕಳಚಿಕೊಳ್ಳುತ್ತದೆ. ಬಗ್ಗುವ ಪೈಪು ಮಣ್ಣಿನ ಜೊತೆ ತಾನೂ ಅಲುಗಿ ಉಳಿದುಕೊಳ್ಳುತ್ತದೆ. ಹಿಮದ ನಾಡಿನಲ್ಲಿ ಬಂದ ಒಳ್ಳೆಯ ಹೆಸರು ಅದಕ್ಕೆ ಇಲ್ಲಿ ಕರಿಮಣ್ಣಿನಿಂದಲೂ ಬಂದೀತು.

ಶಹಾಬಾದ, ವಾಡಿಯ ಕಡೆ ಕಥೆ ಬೇರೆ. ಅಗೆದರೆ ಸುಣ್ಣದಕಲ್ಲು ಸಿಗುವ ನೆಲ ಅದು. ಫರಸಿ ಹಾಸಿಗೆ, ಸಿಮೆಂಟಿಗೆ ಹೆಸರಾದ ಈ ನೆಲದಲ್ಲಿ ಆಳಕ್ಕೆ ತೋಡುವುದು ದುಬಾರಿ. ಹಾಗಾಗಿ ಪೈಪನ್ನು ಅರ್ಧ ಅಡಿಯಲ್ಲೇ ಮುಚ್ಚಿ ಮೇಲೆ ಕಲ್ಲಿನ ಚೂರು ಸುರಿದುಬಿಡುವ ಅಪಾಯವಿದೆ. ಚೂಪು ಕಲ್ಲು ವರ್ಷಗಟ್ಟಲೆ ಒತ್ತಿದ ಜಾಗದಲ್ಲಿ ಪೈಪು ಸೀಳುತ್ತದೆ. ಕೆಳಗೂ ಮೇಲೂ ಮರಳು ಹಾಕಿದರೆ ಈ ಕಾಟ ತಪ್ಪುತ್ತದೆ.

ಚಿಂಚೋಳಿಯ ಗುಡ್ಡ, ಕಾಡಿನ ಕಡೆ ಏರುತಗ್ಗಿನ ಲೆಕ್ಕ ಸೇರಿಕೊಳ್ಳುತ್ತದೆ. ನೀರಿನ ಮಟ್ಟ ಪ್ರತಿ 10 ಮೀಟರ್ ಎತ್ತರವಿದ್ದಂತೆ ಕೆಳಗಿನ ಪೈಪಿನ ಮೇಲೆ ಒಂದು ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡ ಬೀಳುತ್ತದೆ. ದಿಬ್ಬದ ಮೇಲಿನ ಟ್ಯಾಂಕಿನಿಂದ ನೀರು ಪಡೆಯುವ ತಗ್ಗಿನ ಮನೆಯವರು ಅಗ್ಗದ ತೆಳು ಪೈಪು ಹಾಕಿಸಬಾರದು.

ಬಿರುಕಿನಿಂದ ಬರುವ ಕಾಯಿಲೆ

ಪೈಪು ಸೋರಿದರೆ ಒಂದಿಷ್ಟು ನೀರು ಹೋಯಿತು ಎಂದು ಸುಮ್ಮನಿರುವವರಿದ್ದಾರೆ. ಆದರೆ ಹೊರಗೆ ಹೋಗುವ ದಾರಿಯೇ ಒಳಗೆ ಬರುವ ದಾರಿಯೂ ಹೌದು. ನಮ್ಮ ಊರುಗಳಲ್ಲಿ ನಳದ ನೀರು ದಿನವಿಡೀ ಬರುವುದಿಲ್ಲ. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಮನೆಯ ಮೋಟಾರನ್ನು ನೇರವಾಗಿ ನಳಕ್ಕೆ ಹಚ್ಚಿದರೆ ಇನ್ನೂ ಇಳಿಯುತ್ತದೆ. ಆಗ ಬಿರುಕಿನ ಪಕ್ಕದಲ್ಲಿ ಚರಂಡಿ ಇದ್ದರೆ ಅದರ ಹೊಲಸು ಪೈಪಿನೊಳಗೆ ಎಳೆದುಕೊಳ್ಳುತ್ತದೆ. ಮರುದಿನ ಬಿಟ್ಟ ನೀರಿನ ಮೊದಲ ಕೊಡದಲ್ಲಿ ಬರುವುದು ಅದೇ. ವಾಂತಿಭೇದಿಗೆ ಇಂಥ ನೀರೊಂದು ಕಾರಣ.

ಬಿಸಿಲು ಇನ್ನೊಂದು ಹಾನಿಯನ್ನೂ ಮಾಡುತ್ತದೆ. ನೀರಿಗೆ ಬೆರೆಸಿದ ಕ್ಲೋರಿನ್ ಒಂದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮಿನಷ್ಟಾದರೂ ನಳದ ತುದಿಯಲ್ಲಿ ಉಳಿದಿರಬೇಕೆಂಬುದು ಭಾರತೀಯ ಮಾನಕ. ನೀರು ಕಾಯ್ದಷ್ಟೂ ಕ್ಲೋರಿನ್ ಬೇಗ ಕರಗಿಹೋಗುತ್ತದೆ. ಬಿಸಿ ಪೈಪಿನಲ್ಲಿ ತಾಸುಗಟ್ಟಲೆ ನಿಂತ ನೀರಿಗೆ ಈ ಕಾವಲು ಇರುವುದಿಲ್ಲ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ಹಳ್ಳಿಯ ಪ್ರತಿ ಮನೆಗೂ ನಳ, ತಲೆಗೆ ದಿನಕ್ಕೆ 55 ಲೀಟರ್ ನೀರು ಎಂಬ ಗುರಿ ಇಟ್ಟುಕೊಂಡಿತು. ನಳ ಕೂಡಿಸುವುದು ಒಂದು ಕೆಲಸ. ಬೀದಿಯಿಂದ ಒಲೆಯವರೆಗಿನ ಕೊನೆಯ ಕೆಲವು ಮೀಟರ್ ಪೈಪನ್ನು ಕಾಯುವುದು ಮನೆಯವರ ಕೆಲಸ.

ಏನು ಮಾಡಬೇಕು?

ದೊಡ್ಡ ಖರ್ಚಿಲ್ಲದ ಕೆಲವು ಕ್ರಮಗಳಿವೆ. ಪೈಪನ್ನು ಗೋಡೆಗೆ ಹಿಡಿಸುವ ಕ್ಲ್ಯಾಂಪು ಸಡಿಲವಾಗಿರಲಿ, ಪೈಪು ಅದರೊಳಗೆ ಜಾರುವಂತಿರಲಿ. ಉದ್ದನೆಯ ಸಾಲಿನಲ್ಲಿ ನೇರವಾಗಿ ಬಿಗಿಯದೆ ಒಂದೆರಡು ತಿರುವು ಕೊಡಿಸಿ. ಮಾಳಿಗೆಯ ಮೇಲಿನ ಪಿವಿಸಿ ಪೈಪಿಗೆ ನೀರಿನಲ್ಲಿ ಕಲಸುವ ತಿಳಿಬಣ್ಣ ಬಳಿಯಿರಿ, ಇಲ್ಲವೆ ನೆರಳು ಮಾಡಿ. ನೆಲದೊಳಗೆ ಸಾಧ್ಯವಿದ್ದಲ್ಲಿ ಒಂದು ಮೀಟರ್ ಆಳಕ್ಕೆ ಹೂಳಿಸಿ. ಅಷ್ಟು ಆಳದಲ್ಲಿ ಮಣ್ಣಿನ ಉಷ್ಣಾಂಶ ಹಗಲು, ರಾತ್ರಿಗೆಂದು ಏರಿಳಿಯುವುದಿಲ್ಲ. ಚರಂಡಿಯೊಳಗೆ ಹಾಯುವ ಪೈಪನ್ನು ಮೊದಲು ಸ್ಥಳಾಂತರಿಸಿ.

ಪಿವಿಸಿ ಪೈಪನ್ನು ಬೆಂಕಿಗೆ ಹಿಡಿದು ಬಾಯಿ ಅಗಲಿಸಿ ಜೋಡಿಸುವ ರೂಢಿಯನ್ನು ಬಿಡಬೇಕು. ಅದರಿಂದ ಪೈಪು ಅಲ್ಲಿ ಬಲ ಕಳೆದುಕೊಳ್ಳುತ್ತದೆ, ಹೊಗೆಯೂ ವಿಷ. ಅಂಟುದ್ರವ ಬಿಸಿಲಲ್ಲಿ ಬೇಗ ಒಣಗುವುದರಿಂದ ಜೋಡಣೆಯ ಕೆಲಸ ಬೆಳಗಿನ ತಂಪಿನಲ್ಲಿ ನಡೆಯಲಿ. ಕಪ್ಪು ಪೈಪಿಗಂತೂ ಅಂಟು ಹಿಡಿಯುವುದೇ ಇಲ್ಲ. ಅದಕ್ಕೆ ಕಾಯಿಸಿ ಬೆಸೆಯುವ ಯಂತ್ರ ಅಥವಾ ಬಿಗಿಯುವ ಜೋಡಣೆಯೇ ಬೇಕು. ಸೈಕಲ್ ಟ್ಯೂಬು ಸುತ್ತುವುದು ಒಂದೆರಡು ದಿನದ ಉಪಾಯ ಮಾತ್ರ.

ಕೊಳ್ಳುವಾಗ ಪೈಪಿನ ಮೇಲಿನ ಐಎಸ್ಐ ಗುರುತನ್ನೂ ಅಂಕಿಯನ್ನೂ ಓದಿ. ಕುಡಿಯುವ ನೀರಿನ ಪಿವಿಸಿಗೆ ಐಎಸ್ 4985, ಎಚ್‌ಡಿಪಿಇಗೆ ಐಎಸ್ 4984, ಗೀಸರಿನ ಬಿಸಿನೀರಿಗೆ ಹಾಕುವ ಸಿಪಿವಿಸಿಗೆ ಐಎಸ್ 15778. ಬೇಸಿಗೆಯಲ್ಲಿ ನಳದ ಮೊದಲ ಬಿಸಿನೀರನ್ನು ಬಕೆಟ್ಟಿಗೆ ಹಿಡಿದು ಬಟ್ಟೆ ಒಗೆಯಲು ಬಳಸಿ. ಆಮೇಲಿನ ನೀರನ್ನು ಕುಡಿಯಲು ತುಂಬಿಕೊಂಡು ಕುದಿಸಿ ಆರಿಸಿಡಿ.

ವಿದ್ಯಾರ್ಥಿಗಳಿಗೆ ಎರಡು ಪ್ರಯೋಗ

ಮೊದಲನೆಯದು: ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಕ್ಕಾಲು ಭಾಗ ನೀರು ತುಂಬಿ, ಮಟ್ಟಕ್ಕೆ ಗೆರೆ ಎಳೆದು, ಮುಚ್ಚಳ ಸಡಿಲ ಬಿಟ್ಟು ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಿ ನಿಲ್ಲಿಸಿ. ಗಾಜಿನ ಬಾಟಲಿ ಬೇಡ. ಮರುದಿನ ಮಟ್ಟ ಎಷ್ಟು ಏರಿದೆ ನೋಡಿ. ಎರಡನೆಯದು: ಅಂಗಡಿಯಲ್ಲಿ ಸಿಗುವ 6 ಮೀಟರ್ ಪಿವಿಸಿ ಪೈಪನ್ನು ಸೂರ್ಯ ಹುಟ್ಟುವ ಮೊದಲು ಉಕ್ಕಿನ ಟೇಪಿನಿಂದ ಅಳೆಯಿರಿ. ದಿನವಿಡೀ ಬಿಸಿಲಲ್ಲಿಟ್ಟು ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಅಳೆಯಿರಿ. ಒಂದು ಸೆಂಟಿಮೀಟರಿಗೂ ಹೆಚ್ಚು ವ್ಯತ್ಯಾಸ ಸಿಕ್ಕರೆ ಆಶ್ಚರ್ಯವಿಲ್ಲ.

ಅಳೆದ ಮೇಲೆ ಅದೇ ಟೇಪು ಹಿಡಿದು ಅಪ್ಪನೊಂದಿಗೋ ಅವ್ವನೊಂದಿಗೋ ಮಾಳಿಗೆ ಹತ್ತಿ ಮನೆಯ ಪೈಪನ್ನು ಒಮ್ಮೆ ಪೂರ್ತಿ ನೋಡಿ ಬರಬೇಕು. ಎಲ್ಲಿ ಬಿಗಿದಿದೆ, ಎಲ್ಲಿ ತೊಯ್ದಿದೆ, ಎಲ್ಲಿ ಚರಂಡಿಗೆ ತಾಗಿದೆ ಎಂದು ಗುರುತು ಹಾಕಿಕೊಂಡರೆ ಬೇಸಿಗೆ ಬರುವ ಮೊದಲೇ ಅರ್ಧ ಕೆಲಸ ಮುಗಿದಂತೆ.