ಒಂದು ವರ್ಷದ ಶುಲ್ಕ ಎಷ್ಟು ದಿನಗಳ ಕೂಲಿ?

ದ್ವಿತೀಯ ಪಿಯುಸಿಯ ಅರ್ಥಶಾಸ್ತ್ರ ಪಠ್ಯದಲ್ಲಿ ಮಾರುಕಟ್ಟೆ ಸಮತೋಲನದ ಅಧ್ಯಾಯವಿದೆ. ಸರ್ಕಾರ ಒಂದು ವಸ್ತುವಿಗೆ ಕನಿಷ್ಠ ಬೆಲೆ ನಿಗದಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿ ಎರಡು ಉದಾಹರಣೆಗಳು ಬರುತ್ತವೆ. ಒಂದು ರೈತರ ಬೆಳೆಗೆ ಬೆಂಬಲ ಬೆಲೆ, ಇನ್ನೊಂದು ಕಾರ್ಮಿಕರಿಗೆ ಕನಿಷ್ಠ ವೇತನ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂದು ನಾನು ಬೋರ್ಡಿನ ಮೇಲೆ ರೇಖೆ ಎಳೆದಾಗ ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಹಾಗಾದರೆ ಸರ್, ಬೀಡಿ ಕಟ್ಟುವವರ ಕೂಲಿ ಏರಿಸಬಾರದಾ?" ಪರೀಕ್ಷೆಗೆ ಬೇಕಾದ ಉತ್ತರ ಎರಡು ಸಾಲಿನದು. ಅವಳಿಗೆ ಬೇಕಾಗಿದ್ದ ಉತ್ತರ ಅಷ್ಟು ಚಿಕ್ಕದಲ್ಲ. ಗಂಟೆ ಹೊಡೆದದ್ದರಿಂದ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕನಿಷ್ಠ ವೇತನ ಎಂಬ ಮೊತ್ತವನ್ನು ಯಾರೋ ಅಂದಾಜಿನಲ್ಲಿ ಹೇಳುವುದಲ್ಲ, ಅದಕ್ಕೊಂದು ಲೆಕ್ಕವಿದೆ ಎಂಬುದು ಮೊದಲು ಗೊತ್ತಿರಬೇಕು. ನಮ್ಮ ದೇಶದಲ್ಲಿ ಕನಿಷ್ಠ ವೇತನ ಕಾಯ್ದೆ ಬಂದದ್ದು 1948ರಲ್ಲಿ. ಆದರೆ 'ಕನಿಷ್ಠ' ಎಂದರೆ ಎಷ್ಟು ಎಂದು ಆ ಕಾಯ್ದೆ ಹೇಳಿರಲಿಲ್ಲ. ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂವರೂ ಕೂತಿದ್ದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ 1957ರಲ್ಲಿ ಇದನ್ನು ಹೇಳಿತು. ದುಡಿಯುವವನು, ಅವನ ಹೆಂಡತಿ, ಇಬ್ಬರು ಮಕ್ಕಳು ಒಂದು ಕುಟುಂಬ. ದುಡಿಯುವವನನ್ನು 1 ಎಂದು ಹಿಡಿದರೆ ಹೆಂಡತಿ 0.8, ಮಕ್ಕಳು ತಲಾ 0.6, ಒಟ್ಟು 3 ಘಟಕ. (ಹೆಂಡತಿಗೆ 0.8 ಏಕೆ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.) ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ ಮತ್ತು ಇತರೆ ಖರ್ಚಿಗೆ ಶೇ. 20. ಇದಿಷ್ಟು ಆ ಲೆಕ್ಕ.

ಪಟ್ಟಿಯನ್ನು ಇನ್ನೊಮ್ಮೆ ಓದಿ. ಮಕ್ಕಳಿದ್ದಾರೆ, ಶಾಲೆ ಇಲ್ಲ. ಮಗು ಉಣ್ಣುತ್ತದೆ, ಉಡುತ್ತದೆ, ಆದರೆ ಓದುವುದಿಲ್ಲ.

ಆ ಕೊರತೆ ತುಂಬಿದ್ದು 34 ವರ್ಷಗಳ ನಂತರ. ರೆಪ್ಟಾಕೋಸ್ ಬ್ರೆಟ್ ಎಂಬ ಔಷಧ ಕಂಪನಿಯ ಕಾರ್ಮಿಕರ ತುಟ್ಟಿಭತ್ಯೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. 1957ರ ಪಟ್ಟಿ ಸಾಲದು; ಮಕ್ಕಳ ವಿದ್ಯಾಭ್ಯಾಸ, ಔಷಧ, ಹಬ್ಬ ಮತ್ತು ಸಮಾರಂಭ ಸೇರಿದಂತೆ ಅಲ್ಪಸ್ವಲ್ಪ ಮನರಂಜನೆ, ಮುಪ್ಪು, ಮದುವೆ ಇವುಗಳಿಗಾಗಿ ಒಟ್ಟು ಕನಿಷ್ಠ ವೇತನದ ಶೇ. 25ರಷ್ಟು ಇರಬೇಕು ಎಂದಿತು. ಅಂದರೆ ನಿಮ್ಮ ಕಾಲೇಜು ಶುಲ್ಕ ಕಾನೂನಿನ ದೃಷ್ಟಿಯಲ್ಲಿ ಕೂಲಿಯ ಹೊರಗಿನ ಹೆಚ್ಚುವರಿ ಖರ್ಚಲ್ಲ. ಅದು ಕೂಲಿಯ ಒಳಗೇ ಇರಬೇಕಾದ ಭಾಗ. ಈದ್‌ಗೆ ಹೊಲಿಸುವ ಬಟ್ಟೆಗೂ ಅದೇ ಶೇ. 25ರಲ್ಲಿ ಜಾಗವಿದೆ.

ಈಗ ಆ ಶೇ. 25ರಲ್ಲಿ ನಿಜವಾಗಿ ಎಷ್ಟು ಹಣ ಬರುತ್ತದೆ ಎಂದು ನೋಡೋಣ. ಇಡೀ ದೇಶಕ್ಕೆ ಅನ್ವಯಿಸುವ ತಳಮಟ್ಟದ ವೇತನವೆಂದು ಕೇಂದ್ರ ಸರ್ಕಾರ 2017ರಲ್ಲಿ ದಿನಕ್ಕೆ 176 ರೂಪಾಯಿ, 2019ರಲ್ಲಿ 178 ರೂಪಾಯಿ ಎಂದು ಹೇಳಿತು. ಎರಡು ವರ್ಷಕ್ಕೆ ಎರಡು ರೂಪಾಯಿ. ಇದು ರಾಜ್ಯಗಳ ಮೇಲೆ ಕಡ್ಡಾಯವಿರಲಿಲ್ಲ, ಕರ್ನಾಟಕದ ನಿಗದಿತ ದರಗಳು ಇದಕ್ಕಿಂತ ಹೆಚ್ಚು ಎಂಬುದನ್ನೂ ಹೇಳಬೇಕು. ಆದರೂ ದೇಶದ ತಳ ಯಾವುದು ಎಂಬುದಕ್ಕೆ ಈ ಸಂಖ್ಯೆಯೇ ಗುರುತು. ತಿಂಗಳಿಗೆ 26 ದಿನ ದುಡಿದರೆ 4,628 ರೂಪಾಯಿ. ಅದರ ಶೇ. 25 ಎಂದರೆ 1,157. ವರ್ಷಕ್ಕೆ 13,884 ರೂಪಾಯಿ. ಇದರಲ್ಲಿ ಇಬ್ಬರು ಮಕ್ಕಳ ಓದು, ಎಲ್ಲರ ಔಷಧ, ಹಬ್ಬ, ಮದುವೆ, ಮುಪ್ಪು.

ಖರ್ಚಿನ ಬದಿಗೆ ಬನ್ನಿ. ಕೇಂದ್ರ ಅಂಕಿಅಂಶ ಇಲಾಖೆ 2025ರಲ್ಲಿ ನಡೆಸಿದ ಶಿಕ್ಷಣ ಸಮೀಕ್ಷೆಯಲ್ಲಿ ಹನ್ನೆರಡನೇ ತರಗತಿವರೆಗಿನ ಮಕ್ಕಳಿಗೆ ಮನೆಯವರು ಮಾಡುವ ಖರ್ಚು ಸಿಗುತ್ತದೆ. ಸರ್ಕಾರಿ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಸರಾಸರಿ 2,863 ರೂಪಾಯಿ. ಸರ್ಕಾರೇತರ ಶಾಲೆಯಲ್ಲಿ 25,002 ರೂಪಾಯಿ. ದಿನಕ್ಕೆ 178 ರೂಪಾಯಿಯ ಲೆಕ್ಕದಲ್ಲಿ ಮೊದಲನೆಯದು 16 ದಿನಗಳ ಕೂಲಿ, ಎರಡನೆಯದು 140 ದಿನಗಳ ಕೂಲಿ. ತಿಂಗಳಿಗೆ 26 ದಿನದಂತೆ ಐದು ತಿಂಗಳಿಗೂ ಹೆಚ್ಚು, ಅದೂ ಒಂದು ಮಗುವಿಗೆ. 'ಅಷ್ಟು ಕಡಿಮೆ ಕೂಲಿಯವರು ಖಾಸಗಿ ಶಾಲೆಗೆ ಕಳಿಸುವುದೇ ಇಲ್ಲವಲ್ಲ, ಹೋಲಿಕೆ ಸರಿಯೇ?' ಎಂದು ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು. ಕಳಿಸುವುದಿಲ್ಲ ಎಂಬುದೇ ನನ್ನ ಮಾತಿನ ಅರ್ಥ. ಸರ್ಕಾರಿ ಕಾಲೇಜು ದೂರವಿದ್ದು, ಬೇಕಾದ ವಿಷಯ ಹತ್ತಿರದ ಖಾಸಗಿ ಕಾಲೇಜಿನಲ್ಲಿ ಮಾತ್ರ ಇದ್ದಾಗ ಅಂಥ ಮನೆಯ ಮಗುವಿಗೆ ಆಯ್ಕೆ ಇರುವುದಿಲ್ಲ.

ಶುಲ್ಕವನ್ನು ಹೀಗೆ ದುಡಿಮೆಯ ದಿನ ಅಥವಾ ಗಂಟೆಗಳಲ್ಲಿ ಅಳೆಯುವ ಕ್ರಮ ನನ್ನ ಸ್ವಂತದ್ದಲ್ಲ. ಅಮೆರಿಕದಲ್ಲಿ ಕನಿಷ್ಠ ವೇತನದ ಚರ್ಚೆ ಬಂದಾಗಲೆಲ್ಲ ಈ ಲೆಕ್ಕ ಬರುತ್ತದೆ. ಅಲ್ಲಿ ವಿದ್ಯಾರ್ಥಿಗಳು ರಜೆಯಲ್ಲಿ ಹೋಟೆಲಿನಲ್ಲೋ ಅಂಗಡಿಯಲ್ಲೋ ದುಡಿದು ತಮ್ಮ ಶುಲ್ಕ ತಾವೇ ಕಟ್ಟುವ ರೂಢಿ ಇತ್ತು. 1979-80ರಲ್ಲಿ ನಾಲ್ಕು ವರ್ಷದ ಪದವಿ ನೀಡುವ ಸರ್ಕಾರಿ ಕಾಲೇಜುಗಳ ಸರಾಸರಿ ವಾರ್ಷಿಕ ಶುಲ್ಕ 738 ಡಾಲರ್. 1979ರಲ್ಲಿ ಕನಿಷ್ಠ ವೇತನ ಗಂಟೆಗೆ 2.90 ಡಾಲರ್. ಭಾಗಿಸಿದರೆ ಸುಮಾರು 254 ಗಂಟೆ, ಅಂದರೆ ಒಂದು ಬೇಸಿಗೆ ರಜೆಯ ಕೆಲಸ. 2024-25ರಲ್ಲಿ ಶುಲ್ಕ 11,610 ಡಾಲರ್. ಅಲ್ಲಿನ ಒಕ್ಕೂಟ ಸರ್ಕಾರದ ಕನಿಷ್ಠ ವೇತನ 2009ರ ಜುಲೈಯಲ್ಲಿ 7.25 ಡಾಲರ್ ಆದದ್ದು ಆಗಲೂ ಅಷ್ಟೇ ಇತ್ತು. ಈಗ ಭಾಗಿಸಿ: ಸುಮಾರು 1,600 ಗಂಟೆ. ವಾರಕ್ಕೆ 40 ಗಂಟೆಯಂತೆ 40 ವಾರ. ಹಾಗೆ ದುಡಿಯುವವನು ಕಾಲೇಜಿಗೆ ಹೋಗುವುದು ಯಾವಾಗ? ಹಲವು ರಾಜ್ಯಗಳು ತಮ್ಮ ದರವನ್ನು ಇದಕ್ಕಿಂತ ಎಷ್ಟೋ ಮೇಲಕ್ಕೆ ಏರಿಸಿಕೊಂಡಿವೆ ನಿಜ. ಆದರೆ ಗಮನಿಸಬೇಕಾದ ಸಂಗತಿ ಬೇರೆ. ಅಲ್ಲಿ ವೇತನ ನಿಂತದ್ದು ಒಂದು ಕಾರಣವಾದರೆ, 2008ರ ಆರ್ಥಿಕ ಕುಸಿತದ ನಂತರ ರಾಜ್ಯಗಳು ಕಾಲೇಜುಗಳಿಗೆ ಕೊಡುವ ಹಣ ಕಡಿತ ಮಾಡಿದ್ದರಿಂದ ಶುಲ್ಕ ಏರಿದ್ದು ಇನ್ನೊಂದು ಕಾರಣ. ಒಂದನ್ನು ಮಾತ್ರ ಸರಿಪಡಿಸಿದರೆ ಲೆಕ್ಕ ಸರಿಹೋಗುವುದಿಲ್ಲ.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆ. ವೇತನ ಏರಿಸಿದರೆ ಕೆಲಸ ಹೋಗುವುದಿಲ್ಲವೇ?

1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು 4.25ರಿಂದ 5.05 ಡಾಲರ್‌ಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ 410 ತ್ವರಿತ ಆಹಾರದ ಹೋಟೆಲುಗಳಲ್ಲಿ ಏರಿಕೆಗೆ ಮೊದಲು ಮತ್ತು ನಂತರ ಕೆಲಸಗಾರರ ಲೆಕ್ಕ ತೆಗೆದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. 1994ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ಒಪ್ಪದವರು ಇದ್ದರು, ಈಗಲೂ ಇದ್ದಾರೆ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು. ಬೋರ್ಡಿನ ಮೇಲಿನ ರೇಖೆ ತಪ್ಪಲ್ಲ. ಆದರೆ ಕೊಳ್ಳುವವರೂ ಮಾರುವವರೂ ಬಹಳ ಮಂದಿ ಇದ್ದು ಯಾರ ಕೈಯಲ್ಲೂ ಬೆಲೆ ಇಲ್ಲದ ಮಾರುಕಟ್ಟೆಗೆ ಅದು ಹೊಂದುತ್ತದೆ. ಇಡೀ ಊರಿಗೆ ಬೀಡಿ ಎಲೆ ಮತ್ತು ತಂಬಾಕು ಕೊಡುವ ಗುತ್ತಿಗೆದಾರ ಒಬ್ಬನೇ ಇದ್ದರೆ, ಮನೆ ಬಿಟ್ಟು ಹೋಗಲಾಗದ ನೂರು ಹೆಂಗಸರು ಅವನಿಗೇ ಬೀಡಿ ಕೊಡಬೇಕಿದ್ದರೆ, ಕೂಲಿ ನಿರ್ಧರಿಸುವವನು ಅವನೇ. ಅಂಥಲ್ಲಿ ಕಾನೂನು ಕೂಲಿಯನ್ನು ಸ್ವಲ್ಪ ಮೇಲೆತ್ತಿದರೆ ಹೋಗುವುದು ಅವನ ಲಾಭದ ಪಾಲು, ಕೆಲಸ ಹೋಗಲೇಬೇಕೆಂದಿಲ್ಲ.

ಹೋಗಲೇಬೇಕೆಂದಿಲ್ಲ ಎಂದೆ, ಹೋಗುವುದೇ ಇಲ್ಲ ಎನ್ನಲಿಲ್ಲ. ನಮ್ಮ ಕರಾವಳಿಗೇ ಸಂಬಂಧಿಸಿದ ಒಂದು ಚರಿತ್ರೆ ಇದೆ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ 1966ರಲ್ಲಿ ಬಂತು. ಕೇರಳ ಸರ್ಕಾರ 1968ರಲ್ಲಿ ಅದನ್ನು ಜಾರಿಗೆ ತರಲು ಹೊರಟಾಗ, ಕಣ್ಣೂರಿನಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರು ಮೂಲದ ಮಾಲೀಕರು ಅಲ್ಲಿನ ಘಟಕಗಳನ್ನು ಮುಚ್ಚಿದರು. ಸಾವಿರಾರು ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡರು. ಅವರೇ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದ್ದು ಬೇರೆ ಕಥೆ. ಒಂದು ರಾಜ್ಯ ಮಾತ್ರ ದರ ಏರಿಸಿದರೆ ಕೆಲಸ ಗಡಿ ದಾಟಬಹುದು ಎಂಬುದು ಅದರಿಂದ ಗೊತ್ತಾಗುತ್ತದೆ. ಇದನ್ನು ಕೇಳಿ 'ಹಾಗಾದರೆ ಏರಿಸುವುದೇ ಬೇಡ' ಎನ್ನುವವರಿದ್ದಾರೆ. ನನಗೆ ಅನಿಸುವುದು ಅದರ ವಿರುದ್ಧ: ಗಡಿಯ ಎರಡೂ ಕಡೆ ತಳ ಒಂದೇ ಎತ್ತರದಲ್ಲಿದ್ದರೆ ಓಡಿಹೋಗಲು ಜಾಗವಿರುವುದಿಲ್ಲ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೇಂದ್ರ ನಿಗದಿ ಮಾಡುವ ತಳಮಟ್ಟಕ್ಕಿಂತ ಕಡಿಮೆ ದರವನ್ನು ಯಾವ ರಾಜ್ಯವೂ ಇಡುವಂತಿಲ್ಲ ಎಂದು ಅದು ಹೇಳುತ್ತದೆ. ಇನ್ನು ಆ ತಳ ಎಷ್ಟು ಎಂಬುದೇ ಮುಖ್ಯ. ಅನೂಪ್ ಸತ್ಪತಿ ನೇತೃತ್ವದ ತಜ್ಞರ ಸಮಿತಿ 2019ರಲ್ಲಿ ದಿನಕ್ಕೆ 375 ರೂಪಾಯಿ ಎಂದು ಶಿಫಾರಸು ಮಾಡಿತ್ತು, ಅದೂ 2018ರ ಜುಲೈ ತಿಂಗಳ ಬೆಲೆಗಳಲ್ಲಿ. ಆ ದರದಲ್ಲಿ ಮೇಲೆ ಹೇಳಿದ 25,002 ರೂಪಾಯಿ 67 ದಿನಗಳ ಕೂಲಿಯಾಗುತ್ತದೆ, 140 ಅಲ್ಲ.

ದರ ನಿಗದಿಯಾದರೂ ಕೈಗೆ ಬರುವುದು ಬೇರೆ ಮಾತು. ಬೆಲೆ ಏರಿದಂತೆ ಕೂಲಿ ಏರಲಿ ಎಂದು ಕರ್ನಾಟಕದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರುತ್ತದೆ. 2020ರಲ್ಲಿ ಕೊರೊನಾ ಕಾರಣ ಹೇಳಿ ಅದನ್ನು ಮುಂದೂಡಲಾಯಿತು. ಗಾರ್ಮೆಂಟ್ಸ್ ಕಾರ್ಮಿಕರಿಗೆ ಅದು ತಿಂಗಳಿಗೆ ಸುಮಾರು 417 ರೂಪಾಯಿ. ಹೈಕೋರ್ಟ್ ಕೊಡಬೇಕೆಂದ ಮೇಲೂ ಹಲವು ಕಾರ್ಖಾನೆಗಳಲ್ಲಿ ಬಾಕಿ ಬರಲು ತುಂಬಾ ಕಾಲ ಹಿಡಿಯಿತು. 417 ರೂಪಾಯಿ ಚಿಕ್ಕ ಮೊತ್ತ ಎನ್ನುವವರು 12ರಿಂದ ಗುಣಿಸಲಿ. ಶುಲ್ಕಕ್ಕೆ ಮಾತ್ರ ಇಂಥ ಕಷ್ಟವಿಲ್ಲ. ಅದು ಜೂನ್ ಬಂದರೆ ತಾನಾಗಿಯೇ ಏರುತ್ತದೆ.

ಶುಲ್ಕದ ವಿಷಯದಲ್ಲಿ ಕರ್ನಾಟಕದ ಹೆಸರು ಕಾನೂನು ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದಿದ್ದ 1989ರ ಅಧಿಸೂಚನೆಯನ್ನು ಪ್ರಶ್ನಿಸಿ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. ಶಿಕ್ಷಣವನ್ನು ಮಾರುವಂತಿಲ್ಲ ಎಂಬ ತೀರ್ಪು 1992ರ ಜುಲೈಯಲ್ಲಿ ಬಂತು. ಅದನ್ನು ಬರೆದ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರೇ ಒಂಬತ್ತು ತಿಂಗಳ ಹಿಂದೆ ಕೂಲಿಯಲ್ಲಿ ಮಕ್ಕಳ ಓದಿನ ಪಾಲಿರಬೇಕು ಎಂಬ ತೀರ್ಪನ್ನೂ ಬರೆದಿದ್ದರು. ಎರಡನ್ನೂ ಒಟ್ಟಿಗೆ ಓದುವ ಅಭ್ಯಾಸ ನಮ್ಮಲ್ಲಿ ಬೆಳೆಯಲಿಲ್ಲ. ಕೂಲಿಯದು ಕಾರ್ಮಿಕ ಇಲಾಖೆಯ ಕಡತ, ಶುಲ್ಕದ್ದು ಶಿಕ್ಷಣ ಇಲಾಖೆಯ ಕಡತ. ಮೋಹಿನಿ ಜೈನ್ ತೀರ್ಪು ನಂತರ ಹಲವು ಬದಲಾವಣೆ ಕಂಡಿತು. 2003ರ ಇಸ್ಲಾಮಿಕ್ ಅಕಾಡೆಮಿ ಪ್ರಕರಣದಲ್ಲಿ, ಅದೂ ಕರ್ನಾಟಕದ್ದೇ, ವೃತ್ತಿಶಿಕ್ಷಣದ ಶುಲ್ಕ ನೋಡಲು ನಿವೃತ್ತ ನ್ಯಾಯಾಧೀಶರ ಸಮಿತಿ ಇರಬೇಕೆಂದು ಕೋರ್ಟ್ ಹೇಳಿತು. ಸಮಿತಿ ಕಾಲೇಜಿನ ಖರ್ಚು ನೋಡುತ್ತದೆ. ಕಟ್ಟುವವರ ಕೂಲಿ ನೋಡುವುದು ಅದರ ಕೆಲಸವಲ್ಲ.

ಅನುದಾನವಿಲ್ಲದ ಸಂಸ್ಥೆಯಿಂದ ಸಂಬಳ ಪಡೆಯುವ ನಾನು ಇನ್ನೊಂದನ್ನು ಮುಚ್ಚಿಡಬಾರದು. ನಿಮ್ಮ ಶುಲ್ಕದ ದೊಡ್ಡ ಪಾಲು ನಮ್ಮ ಸಂಬಳಕ್ಕೆ, ಅಟೆಂಡರ್, ಆಯಾ, ಬಸ್ ಚಾಲಕರ ಸಂಬಳಕ್ಕೆ ಹೋಗುತ್ತದೆ. ಅವರ ಕೂಲಿ ಏರಿದರೆ ಶುಲ್ಕವೂ ಸ್ವಲ್ಪ ಏರಬಹುದು. ಆದರೆ ಅವರ ಮಕ್ಕಳೂ ಯಾವುದೋ ಕಾಲೇಜಿನಲ್ಲಿ ಶುಲ್ಕ ಕಟ್ಟುತ್ತಾರೆ. ಕೊರತೆಯನ್ನು ಈಗ ತುಂಬುತ್ತಿರುವುದು ಬಂಗಾರದ ಮೇಲಿನ ಸಾಲ, ಜಮಾಅತಿನ ನೆರವು, ಝಕಾತ್ ನಿಧಿ. ಕೈಲಾಗದವರಿಗೆ, ಅನಾಥರಿಗೆ ಅದು ಸಲ್ಲಬೇಕು. ದಿನವಿಡೀ ದುಡಿಯುವ ತಂದೆತಾಯಿ ಮಗಳ ಶುಲ್ಕಕ್ಕಾಗಿ ಆ ಸಾಲಿನಲ್ಲಿ ನಿಲ್ಲಬೇಕಾಗಿದೆ ಎಂದರೆ, ಅವರ ಮಾಲೀಕ ಕೊಡಬೇಕಿದ್ದನ್ನು ದಾನಿಗಳು ಕೊಡುತ್ತಿದ್ದಾರೆ ಎಂದೇ ನಾನು ತಿಳಿಯುತ್ತೇನೆ.

ಕೊನೆಗೆ ವಿದ್ಯಾರ್ಥಿವೇತನದ ಒಂದು ತೊಡಕು. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯ ಮಿತಿ ವರ್ಷಕ್ಕೆ 2 ಲಕ್ಷ ರೂಪಾಯಿ. ಸತ್ಪತಿ ಸಮಿತಿಯ 375 ರೂಪಾಯಿಯಂತೆ ಒಬ್ಬರ ವಾರ್ಷಿಕ ಆದಾಯ 1,17,000. ತಂದೆತಾಯಿ ಇಬ್ಬರೂ ದುಡಿದರೆ 2,34,000. ಕೂಲಿ ಏರಿದ ಕೂಡಲೇ ಮಗು ವಿದ್ಯಾರ್ಥಿವೇತನದಿಂದ ಹೊರಗೆ. ಆದ್ದರಿಂದ ವೇತನ ಏರಿಸಿ ಎನ್ನುವವರು ಆದಾಯ ಮಿತಿಯನ್ನೂ ಏರಿಸಿ ಎಂದು ಅದೇ ಉಸಿರಿನಲ್ಲಿ ಕೇಳಬೇಕು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ಪ್ರತ್ಯೇಕ ಯೋಜನೆಯೂ ಇದೆ. ಪಿಯುಸಿ ಓದುವವರಿಗೆ ಅದು ವರ್ಷಕ್ಕೆ 3,000 ರೂಪಾಯಿ, ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಅದಕ್ಕೆ ತಾಯಿಯ ಬೀಡಿ ಕಾರ್ಮಿಕರ ಗುರುತಿನ ಚೀಟಿ ಬೇಕು. ಎಷ್ಟೋ ಮನೆಗಳಲ್ಲಿ ಇಪ್ಪತ್ತು ವರ್ಷ ಬೀಡಿ ಕಟ್ಟಿದವರಿಗೂ ಆ ಚೀಟಿ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಇದೆಯೇ ಎಂದು ಇಂದು ಸಂಜೆಯೇ ಕೇಳಿ.