ಲಕ್ಷ್ಮಿಯೂ ಅವರೇ, ಕಳ್ಳಿಯೂ ಅವರೇ, ವಾಸ್ಕೋ ಡ ಗಾಮನೂ ಅವರೇ!

ಯಶವಂತಪುರದ ಯಾವ ದಿನಸಿ ಅಂಗಡಿಗಾದರೂ ಹೋಗಿ ನೋಡಿ. ಗಲ್ಲಾಪೆಟ್ಟಿಗೆಯ ಮೇಲ್ಗಡೆ ಊದುಬತ್ತಿ ಹೊಗೆಗೆ ಕಂದಿದ ಲಕ್ಷ್ಮಿ ಪಟ ಇದ್ದೇ ಇರುತ್ತದೆ. ಸಾಹುಕಾರರು ಬೆಳಿಗ್ಗೆ ಬಾಗಿಲು ತೆಗೆದೊಡನೆ ಕೈ ಮುಗಿಯುವುದು ಅದಕ್ಕೇ. ಆದರೆ ಆ ತಾಯಿ ನಿಂತ ಭಂಗಿ, ಸೀರೆಯ ನೆರಿಗೆ ಮೇಲಿನ ಬೆಳಕು ನೆರಳು ಬಂದದ್ದು ಯೂರೋಪಿನಿಂದ ಅಂದರೆ ನಂಬುತ್ತೀರಾ ಸ್ವಾಮಿ?

ನಂಬಲೇಬೇಕು. 1868ರಲ್ಲಿ ಥಿಯೋಡೋರ್ ಜೆನ್ಸನ್ ಎಂಬ ಯೂರೋಪಿನ ಚಿತ್ರಕಾರ ತಿರುವಾಂಕೂರಿನ ಅರಮನೆಗೆ ಬಂದು, ರಾಜಮನೆತನದವರನ್ನು ಎದುರಿಗೆ ಕೂರಿಸಿಕೊಂಡು ತೈಲವರ್ಣದಲ್ಲಿ ಬರೆದ. ಇಪ್ಪತ್ತರ ಹುಡುಗ ರವಿವರ್ಮ ಪಕ್ಕದಲ್ಲಿ ನಿಂತು ನೋಡಿದ. ಜೆನ್ಸನ್ ಹೇಳಿಕೊಡಲಿಲ್ಲ, ನೋಡಲು ಮಾತ್ರ ಬಿಟ್ಟ ಅಂತಾರೆ. ಹುಡುಗನಿಗೆ ಅಷ್ಟೇ ಸಾಕಾಯಿತು. ಮುಂದೆ ದೇವರುಗಳನ್ನೂ ಅದೇ ಕೈಯಲ್ಲಿ ಬರೆದ. 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ ಮನೆಮನೆಗೂ ತಲುಪಿಸಿದ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಅವನ ಅಸಲಿ ಚಿತ್ರಗಳನ್ನೇ ನೋಡಿರುತ್ತೀರಿ.

ಈಗ ನಮ್ಮೂರಿಗೆ ಬರೋಣ. ಎನ್. ಪುಷ್ಪಮಾಲಾ 1956ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. ಹಳೇ ಚಿತ್ರಗಳನ್ನು ಇವರು ಕುಂಚದಿಂದ ಮತ್ತೆ ಬರೆಯುವುದಿಲ್ಲ. ತಾವೇ ವೇಷ ಕಟ್ಟಿ, ಹಿಂದೆ ಪರದೆ ಬಿಟ್ಟು, ಚಿತ್ರದೊಳಗೇ ಹೋಗಿ ನಿಲ್ಲುತ್ತಾರೆ. 2000ರಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿಯವರ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರ ಬಗ್ಗೆ ಇಂಥದ್ದೇ ಸರಣಿ ತೆಗೆದರು. ಅದಕ್ಕೆ ಹಣ ಕೊಟ್ಟ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ನಮ್ಮ ಏರಿಯಾದ್ದೇ, ರಾಜಮಹಲ್ ವಿಲಾಸ್ ಎರಡನೇ ಹಂತದಲ್ಲಿದೆ. ಆರ್.ಟಿ. ನಗರದಿಂದ ಬಳ್ಳಾರಿ ರಸ್ತೆ ದಾಟಿದರೆ ಆಯಿತು.

2014ರಲ್ಲಿ ಇವರು ಸೀದಾ ಯೂರೋಪಿನ ಚಿತ್ರಕ್ಕೇ ಕೈ ಹಾಕಿದರು. ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಪೋರ್ಚುಗಲ್ಲಿನ ವೆಲೋಸೋ ಸಲ್ಗಾದೋ ಅದರ ಚಿತ್ರ ಬರೆದದ್ದು 1898ರಲ್ಲಿ, ಅಂದರೆ ಸರಿಯಾಗಿ ನಾನೂರು ವರ್ಷದ ಮೇಲೆ! ಕಂಡವರು ಯಾರು? ಸಾಮೂತಿರಿ ರಾಜನ ಆಸ್ಥಾನದಲ್ಲಿ ಗಾಮನೇ ದೊಡ್ಡವನು ಎಂಬಂತೆ ನಿಲ್ಲಿಸಿದ್ದಾನೆ. ಆ ಗಾಮನ ಜಾಗದಲ್ಲಿ ನಮ್ಮ ಬೆಂಗಳೂರಿನ ಹೆಣ್ಣುಮಗಳು! ಕೊಚ್ಚಿಯ ಬಿಯೆನಾಲೆ ಪ್ರದರ್ಶನದಲ್ಲಿ ಜನ ಇದನ್ನು ನೋಡಿದರು.

ಇದೆಲ್ಲ ತಮಾಷೆ ಅಂತಲೇ ನಾನೂ ಅಂದುಕೊಂಡಿದ್ದೆ. ಮೊದಲಿನ ಸರಣಿಯ ಇನ್ನುಳಿದ ಚಿತ್ರ ನೋಡುವವರೆಗೆ. ಅದರಲ್ಲಿ ರವಿವರ್ಮ ಮಾದರಿಯ ಲಕ್ಷ್ಮಿ ಆಗಿದ್ದಾರೆ, ಸರಿ. ಬ್ರಿಟಿಷರು ನಮ್ಮ ಜನರನ್ನು ಚೌಕಳಿ ಹಲಗೆಯ ಮುಂದೆ ನಿಲ್ಲಿಸಿ ಅಳತೆ ತೆಗೆಯುತ್ತಿದ್ದ ಹಾಗೆ ತಾವೂ ನಿಂತಿದ್ದಾರೆ. ಅದೇ ಸಾಲಿನಲ್ಲಿ ಇನ್ನೊಂದು: ಪೊಲೀಸರು ಹಿಡಿದ ಹೆಂಗಸರ, ಪತ್ರಿಕೆಯಲ್ಲಿ ಬಂದಂಥ ಫೋಟೋ.

ಅಲ್ಲಿ ಸಿಕ್ಕಿಬಿದ್ದದ್ದು ನಾನು. ಪಿಯುಸಿ ಅರ್ಧಕ್ಕೆ ಬಿಟ್ಟು ಈ ಕಸುಬಿಗೆ ಇಳಿದ ಹೊಸತು. ಠಾಣೆಯೊಂದರಲ್ಲಿ ಸೀರೆ ಕದ್ದರೆಂದು ಇಬ್ಬರನ್ನು ಗೋಡೆಗೆ ನಿಲ್ಲಿಸಿದ್ದರು, ಮುಂದಿನ ಮೇಜಿನ ಮೇಲೆ ಸೀರೆಗಳು. ಒಬ್ಬಾಕೆ ಮುಖಕ್ಕೆ ಸೆರಗು ಎಳೆದುಕೊಂಡಳು. "ಸೆರಗು ತೆಗಿಯಮ್ಮ, ಮುಖ ಕಾಣಲಿ" ಅಂದದ್ದು ಪೊಲೀಸರಲ್ಲ, ನಾನು. ತೆಗೆದಳು. ಫೋಟೋ ಮೂರು ಕಾಲಂ ಬಂತು. ಆಮೇಲೆ ಕೇಸು ನಿಂತಿತೋ ಬಿತ್ತೋ, ನಾನು ಕೇಳಲೇ ಇಲ್ಲ. ಅವಳು ಹಾಗೆ ನಿಂತದ್ದು ನನ್ನ ಮಾತಿಗೆ. ಪಟದ ಲಕ್ಷ್ಮಿ ಹಾಗೆ ನಿಂತದ್ದು ಚಿತ್ರಕಾರನ ಮಾತಿಗೆ. ಪುಷ್ಪಮಾಲಾ ಮಾತ್ರ ತಮ್ಮ ಮಾತಿಗೆ ತಾವೇ ನಿಂತಿದ್ದಾರೆ.

ಮೊನ್ನೆ ಆರ್.ಟಿ. ನಗರದ ಪರಿಚಯದ ಅಂಗಡಿಯವರಿಗೆ ಎರಡೂ ಚಿತ್ರ ತೋರಿಸಿದೆ. ಲಕ್ಷ್ಮಿ ಕಂಡೊಡನೆ ಅಭ್ಯಾಸಬಲ, ಕೈ ಎದೆಗೆ ಹೋಯಿತು. ಎರಡನೆಯದನ್ನು ಕಣ್ಣು ಕಿರಿದು ಮಾಡಿ ನೋಡಿ, ತಕ್ಕಡಿ ಬಿಡದೆ ಕೇಳಿದರು:

"ಯಾವ ಸ್ಟೇಷನ್ ಕೇಸು ಸಾರ್ ಇದು?"